ಕ್ಲಚ್ ಒತ್ತಿ ನೋಡುವ ತರ್ಕ

ಕಂಡ ಕಾರ್ಯದಿಂದ ಕಾಣದ ಕಾರಣವನ್ನು ಅರಿಯಲು ಸಾಧ್ಯವೇ, ಸಾಧ್ಯವಾದರೆ ಆ ಅರಿವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ನಮ್ಮ ದರ್ಶನಗಳು ಶತಮಾನಗಳ ಕಾಲ ಕಾದಾಡಿದ ಪ್ರಶ್ನೆ. ಸಾಧ್ಯವೆಂದ ನೈಯಾಯಿಕರು ಅದನ್ನು ಅನುಮಾನ ಪ್ರಮಾಣವೆಂದು ಕರೆದರು. ಪ್ರತ್ಯಕ್ಷವೊಂದೇ ಪ್ರಮಾಣ, ಉಳಿದದ್ದೆಲ್ಲ ಬರೀ ಊಹೆ ಎಂದರು ಚಾರ್ವಾಕರು. ಬೌದ್ಧರು, ಜೈನರು, ವೇದಾಂತಿಗಳು ತಂತಮ್ಮ ಷರತ್ತು ಹಾಕಿ ಒಪ್ಪಿಕೊಂಡರು. ಈ ವಾಗ್ವಾದದ ಉದ್ದಕ್ಕೂ ಬೆಟ್ಟದ ಮೇಲಿನ ಹೊಗೆ ಮತ್ತು ಬೆಂಕಿಯೇ ಉದಾಹರಣೆ. ಪಾಠ ಹೇಳುವುದಕ್ಕೆ ಅದು ಒಳ್ಳೆಯದು, ಆದರೆ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡುವುದಕ್ಕೆ ತೀರ ಸರಳ. ಹೊಗೆಯನ್ನು ಕಂಡವನಿಗೆ ಎದುರಾಳಿ ಕಾರಣಗಳ ಕಾಟ ಹೆಚ್ಚಿಲ್ಲ, ಬೆಟ್ಟ ಹತ್ತಿದರೆ ಬೆಂಕಿ ಕಂಡೇ ಕಾಣುತ್ತದೆ. ಒಂದೇ ಕಾರ್ಯಕ್ಕೆ ಹತ್ತು ಕಾರಣಗಳು ಸಾಲುಗಟ್ಟಿ ನಿಂತಿರುವ, ಪ್ರತಿಯೊಂದೂ ಕಬ್ಬಿಣದ ಚಿಪ್ಪಿನೊಳಗೆ ಅಡಗಿರುವ, ತಪ್ಪು ಹೇಳಿದರೆ ದಂಡ ತೆರಬೇಕಾದ ಸನ್ನಿವೇಶದಲ್ಲಿ ಅನುಮಾನ ನಿಲ್ಲುತ್ತದೆಯೇ ಎಂದು ನೋಡಬೇಕು. ಹಳೆಯ ಸ್ಪೋರ್ಟ್ಸ್ ಕಾರಿನ ನಡುಕ ಮತ್ತು ಸದ್ದಿನ ಮೂಲ ಹುಡುಕುವ ಕೆಲಸ ಅಂಥದ್ದು. ಅನುಮಾನದ ಬಲವೂ ಮಿತಿಯೂ ಅಲ್ಲಿ ತರ್ಕಗ್ರಂಥಗಳ ಹೊಗೆಗಿಂತ ಸ್ಪಷ್ಟವಾಗಿ ಗೋಚರಿಸುತ್ತವೆ ಎಂಬುದು ನನ್ನ ವಾದ.

ಪೋರ್ಷೆ 944 ಕಾರನ್ನೇ ತೆಗೆದುಕೊಳ್ಳೋಣ. 1982ರಿಂದ 1991ರವರೆಗೆ ಜರ್ಮನಿಯಲ್ಲಿ ತಯಾರಾದ ಈ ಕಾರು ಒಂದೂವರೆ ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ರಸ್ತೆಗಿಳಿಯಿತು. ಇದರ ರಚನೆ ವಿಶಿಷ್ಟ. ನಾಲ್ಕು ಸಿಲಿಂಡರುಗಳ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಘಟಕವಾಗಿ ಹಿಂದೆ. ಭಾರ ಎರಡೂ ಅಚ್ಚುಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಲಿ ಎಂಬುದು ಈ ಏರ್ಪಾಟಿನ ಉದ್ದೇಶ. ಎರಡನ್ನೂ ಬೆಸೆಯುವುದು ಟಾರ್ಕ್ ಟ್ಯೂಬ್ ಎಂಬ ಉಕ್ಕಿನ ಕೊಳವೆ. ಅದರೊಳಗೆ ಸಾಲು ಬೇರಿಂಗ್‌ಗಳ ಮೇಲೆ ತೆಳುವಾದ ದಂಡವೊಂದು ತಿರುಗುತ್ತದೆ. ಕ್ಲಚ್ ಇರುವುದು ಮುಂದೆ, ಎಂಜಿನ್ನಿನ ಬೆನ್ನಿಗೆ. ಹೀಗಾಗಿ ಕ್ಲಚ್ ಪೆಡಲ್ ಒತ್ತದಿರುವಷ್ಟು ಹೊತ್ತೂ, ಕಾರು ನಿಂತಿದ್ದರೂ ಓಡುತ್ತಿದ್ದರೂ, ಆ ದಂಡ ಎಂಜಿನ್ನಿನ ವೇಗದಲ್ಲೇ ತಿರುಗುತ್ತಿರುತ್ತದೆ. ಮುಂದೆಯೇ ಗೇರ್‌ಬಾಕ್ಸ್ ಇರುವ, ಹಿಂದಿನ ಚಕ್ರ ಓಡಿಸುವ ಸಾಮಾನ್ಯ ಕಾರಿನಲ್ಲಿ ಪ್ರೊಪೆಲ್ಲರ್ ಶಾಫ್ಟ್ ತಿರುಗುವುದು ಗೇರ್‌ಬಾಕ್ಸ್ ದಾಟಿದ ಮೇಲಿನ ವೇಗದಲ್ಲಿ. ಇಷ್ಟು ಸಣ್ಣ ವ್ಯತ್ಯಾಸ ಎಷ್ಟು ದೊಡ್ಡ ತಾರ್ಕಿಕ ಪರಿಣಾಮ ಉಂಟುಮಾಡುತ್ತದೆ ಎಂಬುದನ್ನು ಮುಂದೆ ನೋಡಲಿದ್ದೇವೆ. ಹಿಂದಿನ ಘಟಕದಿಂದ ಎರಡು ಹಾಫ್‌ಶಾಫ್ಟ್‌ಗಳು, ಅವುಗಳ ತುದಿಗಳಲ್ಲಿ ಸಿವಿ ಜಾಯಿಂಟ್‌ಗಳು, ಆಮೇಲೆ ಚಕ್ರದ ಬೇರಿಂಗ್, ಟೈರು. ಎಂಜಿನ್ ಕುಳಿತಿರುವುದು ದ್ರವ ತುಂಬಿದ ಮೌಂಟ್‌ಗಳ ಮೇಲೆ. ಕ್ಲಚ್ ತಟ್ಟೆಯ ನಡುವೆಯೂ ಹಲವು ಕಾರುಗಳಲ್ಲಿ ರಬ್ಬರಿದೆ. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಇವುಗಳಲ್ಲಿ ಯಾವುದು ಬೇಕಾದರೂ ಸದ್ದು ಮಾಡಬಹುದು.

ಮೊದಲ ತೊಡಕು ಕಿವಿಯದು. ಸದ್ದು ಕೇಳಿದ ಕಡೆಯೇ ದೋಷವೂ ಇದೆ ಎಂದು ನಂಬುವುದು ಮನಸ್ಸಿನ ಸಹಜ ಒಲವು. ನ್ಯಾಯ-ವೈಶೇಷಿಕರು ಈ ಒಲವನ್ನು ಬಹಳ ಹಿಂದೆಯೇ ಪ್ರಶ್ನಿಸಿದ್ದರು. ಅವರ ಪ್ರಕಾರ ಮೊದಲು ಹುಟ್ಟಿದ ಶಬ್ದ ನಮ್ಮ ಕಿವಿಗೆ ಬರುವುದೇ ಇಲ್ಲ. ಅದು ಇನ್ನೊಂದು ಶಬ್ದವನ್ನು, ಅದು ಮತ್ತೊಂದನ್ನು ಅಲೆಯ ಮೇಲೆ ಅಲೆಯಂತೆ ಹುಟ್ಟಿಸುತ್ತ ಸಾಗಿ, ಆ ಸರಣಿಯ ಕೊನೆಯ ಶಬ್ದವಷ್ಟೇ ಕಿವಿಯನ್ನು ತಲುಪುತ್ತದೆ. ಆಕಾಶದ ಗುಣವೇ ಶಬ್ದ ಎಂಬ ಅವರ ಭೌತಶಾಸ್ತ್ರವನ್ನು ಇಂದು ಯಾರೂ ಒಪ್ಪಬೇಕಿಲ್ಲ. ಕೇಳಿದ ಶಬ್ದ ಬೇರೆ, ಮೂಲದ ಶಬ್ದ ಬೇರೆ ಎಂಬ ವಿವೇಕ ಮಾತ್ರ ಈ ಕಾರಿನ ಕೆಳಗೆ ಅಕ್ಷರಶಃ ನಿಜ. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಗಟ್ಟಿಯಾಗಿ ಬೆಸೆದ ಉಕ್ಕಿನ ಕೊಳವೆ ಮುಂದಿನ ಸದ್ದನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಸಾಗಿಸುತ್ತದೆ. ಗೇರ್ ಲಿವರಿನ ಬುಡದಲ್ಲಿ ಕೇಳುವ ಗೊರಗೊರ ಸದ್ದು ಹಿಂದಿನ ಪಿನಿಯನ್ ಬೇರಿಂಗಿನದೂ ಆಗಬಹುದು, ಮುಂದಿನ ಕ್ಲಚ್ಚಿನದೂ ಆಗಬಹುದು. ಪ್ರತ್ಯಕ್ಷ ನಮಗೆ ಕೊಡುವುದು ಶಬ್ದವನ್ನು ಮಾತ್ರ. ಅದರ ನೆಲೆಯನ್ನು ಹೇಳುವ ಹೊತ್ತಿಗೆ ನಾವು ಆಗಲೇ ಅನುಮಾನದೊಳಗೆ ಕಾಲಿಟ್ಟಿರುತ್ತೇವೆ. ಪ್ರತ್ಯಕ್ಷವೊಂದೇ ಸಾಕು ಎನ್ನುವವನಿಗೆ ಇಲ್ಲಿ ರಿಪೇರಿಯನ್ನು ಆರಂಭಿಸುವ ಜಾಗವೂ ಸಿಗುವುದಿಲ್ಲ.

ಹಾಗಾದರೆ ಒಂದೇ ಕಾರ್ಯಕ್ಕೆ ಹಲವು ಕಾರಣಗಳಿರುವಾಗ ಅನುಮಾನ ಹೇಗೆ ನಿಲ್ಲುತ್ತದೆ? ಈ ಆಕ್ಷೇಪವನ್ನು ಗೌತಮನ ನ್ಯಾಯಸೂತ್ರವೇ ಎರಡನೇ ಅಧ್ಯಾಯದಲ್ಲಿ ಎತ್ತಿಕೊಳ್ಳುತ್ತದೆ. ನದಿ ತುಂಬಿ ಹರಿದರೆ ಮೇಲೆ ಮಳೆಯಾಗಿದೆ ಎನ್ನುತ್ತೀರಿ. ಕೆಳಗೆ ಯಾರೋ ಕಟ್ಟೆ ಕಟ್ಟಿದ್ದರೂ ನೀರು ಏರುತ್ತದಲ್ಲ? ಇರುವೆ ಮೊಟ್ಟೆ ಹೊತ್ತು ಹೊರಟರೆ ಮಳೆ ಬರುತ್ತದೆ ಎನ್ನುತ್ತೀರಿ. ಗೂಡು ಕೆಡವಿದರೂ ಅವು ಹೊರಡುತ್ತವಲ್ಲ? ನವಿಲಿನ ಕೂಗನ್ನು ಮನುಷ್ಯ ಅನುಕರಿಸಬಲ್ಲನಲ್ಲ? ಆದ್ದರಿಂದ ಅನುಮಾನ ಪ್ರಮಾಣವಲ್ಲ ಎಂಬುದು ಪೂರ್ವಪಕ್ಷ. ಇದಕ್ಕೆ ಸೂತ್ರಕಾರನೂ ಭಾಷ್ಯಕಾರ ವಾತ್ಸ್ಯಾಯನನೂ ಕೊಡುವ ಉತ್ತರ ಮನನೀಯ. ಬರೀ ನೀರು ಏರಿದ್ದು ಹೇತುವಲ್ಲ, ಅಂದರೆ ಅನುಮಾನಕ್ಕೆ ಆಧಾರವಾಗುವ ಚಿಹ್ನೆಯಲ್ಲ. ಸೆಳೆತ ಹೆಚ್ಚಿ, ನೊರೆ ಎದ್ದು, ಎಲೆ, ಹಣ್ಣು, ಮರದ ತುಂಡುಗಳನ್ನು ಹೊತ್ತು ಬಂದ ಪ್ರವಾಹ ಹೇತು. ಕಟ್ಟೆಯಿಂದ ಏರಿದ ನೀರಿಗೆ ಆ ಲಕ್ಷಣಗಳಿಲ್ಲ. ಅನುಮಾನ ತಪ್ಪಿದರೆ ತಪ್ಪು ಅನುಮಾನ ಮಾಡಿದವನದು, ಪ್ರಮಾಣದ್ದಲ್ಲ. ಸಾಮಾನ್ಯ ಚಿಹ್ನೆಯನ್ನು ವಿಶೇಷ ಚಿಹ್ನೆಯೆಂದು ಅವನು ಭ್ರಮಿಸಿದ್ದಾನೆ. ಬೌದ್ಧ ತಾರ್ಕಿಕ ಧರ್ಮಕೀರ್ತಿ ಕಾರ್ಯದಿಂದ ಕಾರಣಕ್ಕೆ ಹೋಗುವುದನ್ನು ನಿಶ್ಚಿತ ಅನುಮಾನಗಳ ಸಾಲಿನಲ್ಲಿ ಇಟ್ಟದ್ದಕ್ಕೂ ಆಧಾರ ಇದೇ: ಭಿನ್ನ ಕಾರಣಗಳಿಂದ ಹುಟ್ಟಿದ ಕಾರ್ಯಗಳು ಮೇಲುನೋಟಕ್ಕೆ ಒಂದೇ ಎನಿಸಿದರೂ ನಿಜವಾಗಿ ಒಂದೇ ಆಗಿರುವುದಿಲ್ಲ.

ಕಾರಿಗೆ ಇದನ್ನು ಹೊಂದಿಸಿದರೆ, ‘ಸದ್ದು ಬರುತ್ತಿದೆ’ ಎಂಬುದು ಏರಿದ ನೀರು ಮಾತ್ರ. ಎಷ್ಟು ಬಾರಿ, ಯಾವ ವೇಗದ ಜೊತೆ, ಯಾವ ಹೊರೆಯಲ್ಲಿ ಎಂಬುದು ನೊರೆ ಮತ್ತು ಎಲೆ. ಇಲ್ಲಿ ಗಣಿತ ನೆರವಿಗೆ ಬರುತ್ತದೆ. ಚಕ್ರದ ಸುತ್ತಳತೆ ಸುಮಾರು 2 ಮೀಟರ್ ಆದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಟೈರು, ಹಾಫ್‌ಶಾಫ್ಟ್, ಚಕ್ರದ ಬೇರಿಂಗ್ ಎಲ್ಲವೂ ಆ ಲಯಕ್ಕೆ ಕಟ್ಟುಬಿದ್ದವು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಕ್ರ್ಯಾಂಕ್‌ಶಾಫ್ಟಿನ ಲೆಕ್ಕ ಸೆಕೆಂಡಿಗೆ 50. ಒಂದೇ ಸಾಲಿನ ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಪಿಸ್ಟನ್‌ಗಳ ಮೇಲಿನ ತಿರುವಿನ ವೇಗೋತ್ಕರ್ಷ ಕೆಳಗಿನ ತಿರುವಿನದಕ್ಕಿಂತ ಹೆಚ್ಚು. ಆ ವ್ಯತ್ಯಾಸದಿಂದ ಹುಟ್ಟುವ ನಡುಕ ಕ್ರ್ಯಾಂಕಿನ ಇಮ್ಮಡಿ, ಅಂದರೆ ಸೆಕೆಂಡಿಗೆ 100. ಕೂತವನ ಬೆನ್ನಿಗೆ ತಟ್ಟುವ 14ರ ಕುಲುಕು, ಕಿವಿಯಲ್ಲಿ ಮೊರೆಯುವ 100ರ ಗುಂಯ್‌ಗುಟ್ಟು ಎರಡನ್ನೂ ‘ವೈಬ್ರೇಶನ್’ ಎಂಬ ಒಂದೇ ಮಾತಿನಲ್ಲಿ ಹೇಳಿದವನು ಕಟ್ಟೆಯ ನೀರನ್ನೂ ಮಳೆಯ ನೀರನ್ನೂ ಬೆರೆಸಿದ ಹಾಗೆಯೇ.

ಚಿಹ್ನೆಯನ್ನು ಇಷ್ಟು ಸೂಕ್ಷ್ಮಗೊಳಿಸಿದ ಮೇಲೂ ಒಂದು ಅಪಾಯ ಉಳಿಯುತ್ತದೆ. ನ್ಯಾಯಶಾಸ್ತ್ರ ಅದನ್ನು ಉಪಾಧಿ ಎಂದು ಗುರುತಿಸಿತು, ಹದಿನಾಲ್ಕನೇ ಶತಮಾನದ ಗಂಗೇಶನ ತತ್ತ್ವಚಿಂತಾಮಣಿಯ ಹೊತ್ತಿಗೆ ಆ ಚರ್ಚೆ ಬಹಳ ಸೂಕ್ಷ್ಮವಾಗಿತ್ತು. ಬೆಂಕಿಯಿರುವಲ್ಲಿ ಹೊಗೆಯಿದೆ ಎಂಬ ನಿಯಮ ನೂರು ಕಡೆ ನಿಜವಾಗಿ ಕಂಡರೂ ಕಾಯ್ದ ಕಬ್ಬಿಣದಲ್ಲಿ ಮುರಿದುಬೀಳುತ್ತದೆ. ಯಾಕೆಂದರೆ ಹೊಗೆಗೆ ಬೇಕಾದದ್ದು ಬೆಂಕಿ ಮಾತ್ರವಲ್ಲ, ಹಸಿ ಸೌದೆ ಕೂಡ. ಆ ಹಸಿ ಸೌದೆಯೇ ಉಪಾಧಿ: ಹೊಗೆಯಿರುವಲ್ಲೆಲ್ಲ ಇದ್ದು, ಬೆಂಕಿಯಿರುವಲ್ಲೆಲ್ಲ ಇರದ, ನಾವು ಲೆಕ್ಕಕ್ಕೆ ತೆಗೆದುಕೊಳ್ಳದ ಷರತ್ತು. ಮೆಕ್ಯಾನಿಕ್‌ಗಳಲ್ಲಿ ಒಂದು ನಿಯಮ ಬಳಕೆಯಲ್ಲಿದೆ: ಗೇರ್ ಯಾವುದೇ ಇರಲಿ, ಸದ್ದು ಎಂಜಿನ್ನಿನ ಆರ್‌ಪಿಎಂ ಜೊತೆಗೇ ಏರಿಳಿದರೆ ದೋಷ ಎಂಜಿನ್ನಿನದು. ಬಹುಪಾಲು ಕಾರುಗಳಲ್ಲಿ ಈ ನಿಯಮ ಬೇಕಾದಷ್ಟು ಸಲ ಫಲ ಕೊಟ್ಟಿದೆ. 944ರಲ್ಲಿ ಅದನ್ನು ನಂಬಿದರೆ ಹಾಳಾದ ಟಾರ್ಕ್ ಟ್ಯೂಬ್ ಬೇರಿಂಗನ್ನು ಬಿಟ್ಟು ಚೆನ್ನಾಗಿರುವ ಎಂಜಿನ್ನನ್ನು ಬಿಚ್ಚಬೇಕಾಗುತ್ತದೆ. ಕೊಳವೆಯೊಳಗಿನ ಉದ್ದನೆಯ ದಂಡವೂ ಆರ್‌ಪಿಎಂ ಜೊತೆಗೇ ತಿರುಗುತ್ತದಲ್ಲ. ಇಲ್ಲಿ ಅಡಗಿರುವ ಉಪಾಧಿ ‘ಕ್ಲಚ್ಚಿಗಿಂತ ಎಂಜಿನ್ನಿನ ಕಡೆಗೆ ಇರುವುದು’. ಎಂಜಿನ್ನಿನ ದೋಷಗಳೆಲ್ಲ ಆ ಕಡೆಯವು. ಆದರೆ ಆರ್‌ಪಿಎಂ ಜೊತೆ ತಿರುಗುವುದೆಲ್ಲ ಆ ಕಡೆಯದಲ್ಲ. ಸಾಮಾನ್ಯ ಕಾರಿನಲ್ಲಿ ಗೇರ್‌ಬಾಕ್ಸಿನ ಮೋಟು ಇನ್‌ಪುಟ್ ಶಾಫ್ಟಿನಂಥ ಕೆಲವೇ ಭಾಗಗಳು ಈ ಅಪವಾದದೊಳಗೆ ಬೀಳುವುದರಿಂದ ನಿಯಮದ ಬಿರುಕು ಕಾಣುವುದಿಲ್ಲ. ಪೋರ್ಷೆಯ ರಚನೆ ಆ ಬಿರುಕನ್ನು ಕಾರಿನ ಉದ್ದಕ್ಕೆ ಎಳೆದು ತೋರಿಸುತ್ತದೆ. ನೂರು ಕಾರುಗಳ ಅನುಭವವಾಗಲಿ, ಸಾವಿರ ಕಾರುಗಳದ್ದಾಗಲಿ, ಉಪಾಧಿಯನ್ನು ಹುಡುಕದಿದ್ದರೆ ವ್ಯಾಪ್ತಿಯನ್ನು, ಅಂದರೆ ಚಿಹ್ನೆಗೂ ಕಾರಣಕ್ಕೂ ಇರುವ ತಪ್ಪದ ನಂಟನ್ನು, ಸ್ಥಾಪಿಸುವುದಿಲ್ಲ. ಎಣಿಕೆಗೂ ನಿಯಮಕ್ಕೂ ಇರುವ ಅಂತರ ಇದು.

ಉಪಾಧಿಯನ್ನು ಹುಡುಕುವ ಬಗೆ ಸರಳ, ಆದರೆ ಅದು ಕೂತು ಯೋಚಿಸಿದರೆ ಆಗುವ ಕೆಲಸವಲ್ಲ. ಕಾರನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಸದ್ದು ಬರುವಷ್ಟು ಎಂಜಿನ್ ಓಡಿಸಿ, ಕ್ಲಚ್ ಒತ್ತಬೇಕು. ಎಂಜಿನ್ ತಿರುಗುತ್ತಲೇ ಇರುತ್ತದೆ, ದಂಡ ನಿಧಾನಿಸಿ ನಿಲ್ಲುತ್ತದೆ. ಸದ್ದು ಉಳಿದರೆ ಅದು ಎಂಜಿನ್ನಿನ ಕಡೆಯದು. ಅಳಿದರೆ ಕ್ಲಚ್ಚಿನ ಆಚೆಯದು. ಒತ್ತಿದಾಗ ಮಾತ್ರ ಹುಟ್ಟಿದರೆ ಮೊದಲ ಶಂಕೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನ ಮೇಲೆ. ಅನ್ವಯ-ವ್ಯತಿರೇಕ ಎಂದು ಶಾಸ್ತ್ರ ಹೇಳುವ, ಇದ್ದಾಗ ಇರುವುದು ಮತ್ತು ಇಲ್ಲದಾಗ ಇಲ್ಲದಿರುವುದು ಎಂಬ ಜೋಡಿ ಪರೀಕ್ಷೆ ಒಂದೇ ಪೆಡಲಿನ ಮೇಲೆ ನಡೆದುಹೋಗುತ್ತದೆ. ನಿಂತ ಕಾರಿನಲ್ಲಿ ಸದ್ದೇ ಇಲ್ಲದಿದ್ದರೆ ಓಡಿಸಿ, ಒಂದೇ ವೇಗದಲ್ಲಿ ನಾಲ್ಕನೇ ಗೇರನ್ನೂ ಐದನೇ ಗೇರನ್ನೂ ಹಾಕಿ ನೋಡಬೇಕು. ಆರ್‌ಪಿಎಂ ಬದಲಾದರೂ ಸದ್ದು ಬದಲಾಗದಿದ್ದರೆ ಅದು ಚಕ್ರದ ಬಳಗದ್ದು. ಆಕ್ಸಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರವಾದರೆ ಹಲ್ಲುಗಳ ಕಡೆ, ಅಂದರೆ ಡಿಫರೆನ್ಷಿಯಲ್ ಕಡೆ ಗಮನ ಹೋಗಬೇಕು. ಹೊರೆ ಬಿದ್ದಾಗ ಮತ್ತು ತೆಗೆದಾಗ ಒಂದೊಂದು ಪೆಟ್ಟು ಕೇಳಿದರೆ ಸಿವಿ ಜಾಯಿಂಟ್ ಅಥವಾ ಕ್ಲಚ್ ತಟ್ಟೆಯ ರಬ್ಬರ್. ರಸ್ತೆಯ ಮೇಲ್ಮೈ ಬದಲಾದೊಡನೆ ಸದ್ದಿನ ಗುಣವೂ ಬದಲಾದರೆ ಟೈರು. ವಾತ್ಸ್ಯಾಯನ ಶೇಷವತ್ ಅನುಮಾನಕ್ಕೆ ಎರಡು ವಿವರಣೆ ಕೊಟ್ಟಿದ್ದ. ಒಂದು ಕಾರ್ಯದಿಂದ ಕಾರಣಕ್ಕೆ ಹೋಗುವುದು, ಇನ್ನೊಂದು ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಿ ಉಳಿದದ್ದನ್ನು ಹಿಡಿಯುವುದು. ಗ್ರಂಥದಲ್ಲಿ ಅಕ್ಕಪಕ್ಕ ನಿಂತ ಈ ಎರಡು ಅರ್ಥಗಳು ಇಲ್ಲಿ ಒಂದೇ ಕ್ರಿಯೆಯ ಎರಡು ಮುಖಗಳು. ತಳ್ಳಿಹಾಕದೆ ಕಾರಣವನ್ನು ತಲುಪುವ ದಾರಿಯೇ ಇಲ್ಲ. ಶೇಷ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕಾಗುತ್ತದೆ. ಕ್ಲಚ್ ಒತ್ತಿದಾಗ ಟಾರ್ಕ್ ಟ್ಯೂಬಿನ ದಂಡವೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟೂ ಒಟ್ಟಿಗೇ ನಿಲ್ಲುತ್ತವೆ. ಆ ಪರೀಕ್ಷೆ ಅವೆರಡನ್ನು ಬೇರ್ಪಡಿಸಲಾರದು. ‘ಇವೆರಡರಲ್ಲಿ ಒಂದು’ ಎಂಬಷ್ಟೇ ಅಲ್ಲಿಯ ತೀರ್ಮಾನ. ಅದಕ್ಕಿಂತ ಮುಂದೆ ಹೋಗಲು ಸ್ಟೆತಸ್ಕೋಪ್ ಹಿಡಿದು ಕೊಳವೆಯ ಉದ್ದಕ್ಕೂ ಕೇಳುವಂಥ ಇನ್ನೊಂದು ಪರೀಕ್ಷೆ ಬೇಕು.

ಇದಕ್ಕೆ ಮೊದಲ ಆಕ್ಷೇಪ ಅನುಭವಿಗಳದ್ದು. ನುರಿತ ಕಿವಿಗೆ ಇಷ್ಟೆಲ್ಲ ಬೇಕಿಲ್ಲ, ಸದ್ದು ಕೇಳಿದೊಡನೆ ‘ಇದು ಬೇರಿಂಗ್’ ಎಂದು ಗೊತ್ತಾಗುತ್ತದೆ, ಅದು ಅನುಮಾನವಲ್ಲ, ನೇರ ಗ್ರಹಿಕೆ ಎನ್ನುತ್ತಾರೆ. ನೈಯಾಯಿಕರಲ್ಲೂ ಇಂಥ ವಿಚಾರವಿದೆ. ದೂರದ ಗಂಧದ ಕೊರಡನ್ನು ಕಂಡೊಡನೆ ಅದರ ಪರಿಮಳವೂ ಕಂಡಂತಾಗುವುದನ್ನು ಅವರು ಒಂದು ಬಗೆಯ ಅಲೌಕಿಕ ಪ್ರತ್ಯಕ್ಷ ಎಂದರು. ಅದು ವೇಗವಾಗಿ ನಡೆದ ಅನುಮಾನವಲ್ಲದೆ ಬೇರೇನಲ್ಲ ಎಂಬ ವಾದವೂ ಎದುರಿಗೆ ಬಂತು. ನಮ್ಮ ಉದಾಹರಣೆ ಎರಡನೆಯ ಪಕ್ಷದ ಕಡೆಗೇ ವಾಲುತ್ತದೆ. ನುರಿತ ಕಿವಿ ನುರಿತದ್ದು ಯಾವ ಕಾರುಗಳ ಮೇಲೆ ಎಂಬುದರ ಮೇಲೆ ಅದರ ಮಾತಿನ ಸತ್ಯ ನಿಂತಿದೆ. ಎಂಜಿನ್ನಿಗೇ ಗೇರ್‌ಬಾಕ್ಸ್ ಅಂಟಿಕೊಂಡಿರುವ ಕಾರುಗಳ ಮೇಲೆ ಪಳಗಿದ ಕಿವಿ 944ರಲ್ಲೂ ಅಷ್ಟೇ ಖಚಿತವಾಗಿ, ಅಷ್ಟೇ ಬೇಗ, ತಪ್ಪಾಗಿ ಕೇಳುತ್ತದೆ. ನಿಜವಾದ ಗ್ರಹಿಕೆಯಾಗಿದ್ದರೆ ಅದು ಕಾರಿನ ರಚನೆಯನ್ನು ಅವಲಂಬಿಸಬೇಕಿರಲಿಲ್ಲ. ಅನುಭವದ ಬೆಲೆ ಇರುವುದು ಯಾವ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು ಎಂದು ಸೂಚಿಸುವುದರಲ್ಲಿ. ಪರೀಕ್ಷೆಯ ಕೆಲಸವನ್ನು ಅದು ತಾನೇ ವಹಿಸಿಕೊಳ್ಳಲಾರದು. ಉಪಕರಣಗಳ ಮೇಲೆ ಭರವಸೆ ಇಟ್ಟವರಿಗೂ ಇದೇ ಉತ್ತರ. ಕಂಪನಮಾಪಕ ಸೆಕೆಂಡಿಗೆ 50 ಎಂದು ತೋರಿಸಬಹುದು. ಆ ವೇಗದಲ್ಲಿ ಕ್ರ್ಯಾಂಕೂ ತಿರುಗುತ್ತಿದೆ, ಕೊಳವೆಯ ದಂಡವೂ ತಿರುಗುತ್ತಿದೆ. ತಿರುಗುವ ವೇಗವೊಂದನ್ನೇ ನೋಡುವ ಯಂತ್ರಕ್ಕೆ ಇವೆರಡೂ ಒಂದೇ. ಅವನ್ನು ಬೇರೆ ಮಾಡುವುದು ಪೆಡಲಿನ ಮೇಲಿನ ಕಾಲು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ, ಮತ್ತು ಅದು ನ್ಯಾಯದರ್ಶನದ ಒಳಗಿನಿಂದಲೇ ಹುಟ್ಟುತ್ತದೆ. ಜ್ಞಾನ ಸರಿಯೋ ತಪ್ಪೋ ಎಂಬುದನ್ನು ಪ್ರವೃತ್ತಿಯ ಸಾಫಲ್ಯ ಹೇಳುತ್ತದೆ ಎಂದವರು ನೈಯಾಯಿಕರು. ನೀರೆಂದು ಹೋದವನ ದಾಹ ತೀರಿದರೆ ಅದು ನೀರೇ. ಹಾಗಿದ್ದರೆ ಬಿಡಿಭಾಗ ಬದಲಿಸಿದ ಮೇಲೆ ಸದ್ದು ನಿಂತಿತು, ಇನ್ನೇನು ಬೇಕು? ಇಲ್ಲಿ ಹನ್ನೆರಡನೇ ಶತಮಾನದ ಶ್ರೀಹರ್ಷನನ್ನು ನೆನೆಯಬೇಕು. ಖಂಡನಖಂಡಖಾದ್ಯದಲ್ಲಿ ಅವನು ಎತ್ತುವ ಪ್ರಸಂಗಗಳು ಇಂಥವು: ಮುಚ್ಚಿದ ಮುಷ್ಟಿಯಲ್ಲಿ ಇಂತಿಷ್ಟು ಕವಡೆಗಳಿವೆ ಎಂದು ಬಾಯಿಗೆ ಬಂದಂತೆ ಹೇಳಿದ್ದು ಸರಿಯಾಗಿಬಿಡುತ್ತದೆ, ಮಂಜನ್ನು ಹೊಗೆಯೆಂದು ತಿಳಿದವನು ಬೆಂಕಿಯಿದೆ ಎನ್ನುತ್ತಾನೆ, ಅಲ್ಲಿ ಬೆಂಕಿ ನಿಜವಾಗಿಯೂ ಇರುತ್ತದೆ. ಫಲ ಸರಿಯಾಯಿತೆಂದ ಮಾತ್ರಕ್ಕೆ ಜ್ಞಾನವಾಯಿತೇ? ಟಾರ್ಕ್ ಟ್ಯೂಬ್ ಹೊರತೆಗೆಯಬೇಕಾದರೆ ಎಕ್ಸಾಸ್ಟ್ ಕಳಚಬೇಕು, ಹಾಫ್‌ಶಾಫ್ಟ್‌ಗಳ ಬೋಲ್ಟ್ ಬಿಚ್ಚಬೇಕು, ಗೇರ್‌ಬಾಕ್ಸ್ ಇಳಿಸಬೇಕು. ಮತ್ತೆ ಜೋಡಿಸುವಾಗ ಅಷ್ಟೂ ಬೋಲ್ಟ್‌ಗಳು ಸರಿಯಾದ ಬಿಗಿತಕ್ಕೆ ಬರುತ್ತವೆ, ಎಕ್ಸಾಸ್ಟ್ ಎಲ್ಲಿಯೋ ತಾಗುತ್ತಿದ್ದುದು ತಪ್ಪುತ್ತದೆ. ಸದ್ದು ನಿಂತದ್ದು ಹೊಸ ಬೇರಿಂಗಿನಿಂದಲೋ ಬಿಗಿಗೊಂಡ ಬೋಲ್ಟಿನಿಂದಲೋ ಎಂದು ಸಾಫಲ್ಯ ಹೇಳುವುದಿಲ್ಲ. ಸಫಲ ಪ್ರವೃತ್ತಿ ಜ್ಞಾನವನ್ನು ದೃಢಪಡಿಸುವುದು ಒಂದೇ ಒಂದು ಸಂಗತಿಯನ್ನು ಬದಲಿಸಿ ಉಳಿದದ್ದನ್ನು ಇದ್ದಂತೆಯೇ ಇಟ್ಟಾಗ ಮಾತ್ರ. ಬದಲಿಸಿ ತೆಗೆದ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡದೆ ಎಸೆಯುವವನು ಕಾರನ್ನು ಸರಿಪಡಿಸಿರಬಹುದು, ಕಾರಣವನ್ನು ತಿಳಿದಿಲ್ಲ. ಆ ವ್ಯತ್ಯಾಸ ವ್ಯರ್ಥವಾದುದಲ್ಲ. ಮುಂದಿನ ಕಾರಿನಲ್ಲಿ ಅವನ ಕೈಹಿಡಿಯುವುದು ತಿಳಿವಳಿಕೆಯೇ ಹೊರತು ಅದೃಷ್ಟವಲ್ಲ.

ಮೂರನೆಯ ಆಕ್ಷೇಪ ಹಳತನದ್ದು. ಹೊಸ ಕಾರಿನಲ್ಲಿ ಒಂದು ದೋಷಕ್ಕೆ ಒಂದು ಕಾರಣ ಇರಬಹುದು. ನಲವತ್ತು ವರ್ಷದ ಕಾರಿನಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಸವೆದಿರುತ್ತದೆ. ಒಂದು ಸದ್ದಿಗೆ ಒಂದು ಕಾರಣ ಎಂಬ ನಂಬಿಕೆಯೇ ಅಲ್ಲಿ ಸುಳ್ಳಾದರೆ? ಈ ಮಾತನ್ನು ಒಪ್ಪಲೇಬೇಕು, ಒಪ್ಪಿದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. 944ರ ಎಂಜಿನ್ನಿನ ಎರಡು ಬದಿಗಳಲ್ಲಿ ಎರಡು ಬ್ಯಾಲೆನ್ಸ್ ಶಾಫ್ಟ್‌ಗಳಿವೆ. ಕ್ರ್ಯಾಂಕಿನ ಇಮ್ಮಡಿ ವೇಗದಲ್ಲಿ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗಿ ಆ ಸೆಕೆಂಡಿಗೆ 100ರ ನಡುಕವನ್ನು ಅವು ಸರಿದೂಗಿಸುತ್ತವೆ. ಇದರ ಮೂಲ ಕಲ್ಪನೆ ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರನದು. ಪೋರ್ಷೆ ಬಳಸಿದ ರೂಪಕ್ಕೆ ಮಿತ್ಸುಬಿಶಿಯ ಪೇಟೆಂಟ್ ಪರವಾನಗಿ ಬೇಕಾಯಿತು. ಬೆಲ್ಟ್ ಬದಲಿಸುವಾಗ ಈ ಶಾಫ್ಟ್‌ಗಳು ತಪ್ಪು ಹಲ್ಲಿಗೆ ಕೂತರೆ ಎಂಜಿನ್ನಿನ ಶಕ್ತಿ ಕುಂದುವುದಿಲ್ಲ, ನಡುಕ ಮಾತ್ರ ಏರುತ್ತದೆ. ಈಗ ಅದೇ ಕಾರಿನಲ್ಲಿ ಎಕ್ಸಾಸ್ಟಿನ ಬಿಸಿಗೆ ಸೊರಗಿ ಕುಸಿದ ಮೌಂಟೂ ಇದೆಯೆನ್ನಿ. ಒಳ್ಳೆಯ ಮೌಂಟ್ ಆ ನಡುಕದ ಒಂದು ಪಾಲನ್ನು ನುಂಗುತ್ತಿತ್ತು, ಕುಸಿದದ್ದು ಸ್ಟೀರಿಂಗಿನವರೆಗೂ ಸಾಗಿಸುತ್ತದೆ. ಮೌಂಟ್ ನಡುಕದ ಮೂಲವಲ್ಲ, ಅದರ ದಾರಿ. ಶಾಸ್ತ್ರದ ಮಾತಿನಲ್ಲಿ ಒಂದು ಮುಖ್ಯ ಕಾರಣ, ಇನ್ನೊಂದು ಸಹಕಾರಿ. ಹೊಸ ಮೌಂಟ್ ಹಾಕಿ ನಡುಕ ತಗ್ಗಿದರೆ ‘ಮೌಂಟೇ ಕಾರಣ’ ಎನ್ನುವುದು ತಪ್ಪು, ಶಾಫ್ಟ್ ಸರಿಪಡಿಸಿ ತಗ್ಗಿದರೆ ‘ಮೌಂಟಿಗೂ ಇದಕ್ಕೂ ಸಂಬಂಧವಿಲ್ಲ’ ಎನ್ನುವುದೂ ತಪ್ಪು. ಕಡಿಮೆ ಕಲ್ಪನೆಯಲ್ಲಿ ವಿವರಿಸುವುದು ಲೇಸು ಎಂಬ ಲಾಘವದ ತತ್ತ್ವಕ್ಕೆ ನ್ಯಾಯದಲ್ಲಿ ದೊಡ್ಡ ಮರ್ಯಾದೆಯಿದೆ. ಆದರೆ ಲಾಘವ ಎರಡು ವಿವರಣೆಗಳು ಸಮಬಲವಾಗಿದ್ದಾಗ ಆರಿಸುವ ನಿಯಮ. ಜಗತ್ತು ಸರಳವಾಗಿದೆ ಎಂಬುದಕ್ಕೆ ಅದು ಪುರಾವೆಯಲ್ಲ. ಕಾರಣ ಒಂದೇ ಎಂಬ ಗ್ರಹಿಕೆಯನ್ನೂ ಉಪಾಧಿಯ ಹುಡುಕಾಟಕ್ಕೆ ಒಡ್ಡಬೇಕು.

ಇಷ್ಟಾದ ಮೇಲೂ ಚಾರ್ವಾಕ ಸುಮ್ಮನಿರುವುದಿಲ್ಲ. ಉಪಾಧಿ ಹುಡುಕಿದಿರಿ, ಸಿಗಲಿಲ್ಲ. ಸಿಗಲಿಲ್ಲವೆಂದರೆ ಇಲ್ಲವೆಂದೇ ಅರ್ಥವೇ? ನಾಳೆ ಇನ್ನೊಂದು ರಚನೆಯ ಕಾರು ಬಂದು ನಿಮ್ಮ ಈ ನಿಯಮವನ್ನೂ ಮುರಿಯಬಹುದಲ್ಲ? ಹತ್ತು-ಹನ್ನೊಂದನೇ ಶತಮಾನದ ಸಂಧಿಯ ಉದಯನ ನ್ಯಾಯಕುಸುಮಾಂಜಲಿಯಲ್ಲಿ ಇದಕ್ಕೆ ಕೊಟ್ಟ ಉತ್ತರದ ಸಾರ ಇಷ್ಟು: ನಾಳೆ, ಬೇರೆಡೆ ನಿಯಮ ಮುರಿದೀತು ಎಂದು ಶಂಕಿಸುವವನು ಕಾಣದ ನಾಳೆಯನ್ನೂ ಕಾಣದ ಬೇರೆಡೆಯನ್ನೂ ಅನುಮಾನದಿಂದಲೇ ಒಪ್ಪಿಕೊಂಡಿದ್ದಾನೆ, ಶಂಕೆಗೂ ಒಂದು ಎಲ್ಲೆಯಿದೆ, ಶಂಕಿಸುವವನ ನಡವಳಿಕೆಯೇ ಆ ಶಂಕೆಯನ್ನು ಸುಳ್ಳು ಮಾಡುವಲ್ಲಿ ಅದು ನಿಲ್ಲುತ್ತದೆ. ಕ್ಲಚ್ ಒತ್ತಿದರೆ ದಂಡ ನಿಲ್ಲುತ್ತದೆಯೋ ಇಲ್ಲವೋ ಎಂದು ವಾದಕ್ಕಾಗಿ ಸಂಶಯಿಸುವವನೂ ಗೇರ್ ಬದಲಿಸುವಾಗ ಕ್ಲಚ್ ಒತ್ತಿಯೇ ಒತ್ತುತ್ತಾನೆ. ಕರ್ನಾಟಕದ ಜೈನ ಪರಂಪರೆ ಕೊಂಡಾಡುವ, ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಶಾಸನವೂ ಸ್ತುತಿಸುವ ಅಕಲಂಕ ಇನ್ನೊಂದು ಹೆಜ್ಜೆ ಮುಂದಿಟ್ಟ. ವ್ಯಾಪ್ತಿಯನ್ನು ಅರಿಯುವುದು ಬರೀ ಪ್ರತ್ಯಕ್ಷದ ಮೊತ್ತವಲ್ಲ, ಅನುಮಾನವೂ ಅಲ್ಲ. ತರ್ಕ ಎಂಬುದೇ ಅದಕ್ಕೆ ಪ್ರತ್ಯೇಕ ಪ್ರಮಾಣ ಎಂದ. ಜೈನ ತಾರ್ಕಿಕರ ಪ್ರಕಾರ ಹೇತುವಿಗೆ ಇರಬೇಕಾದ ಲಕ್ಷಣವೂ ಒಂದೇ: ಸಾಧಿಸಬೇಕಾದ ಸಂಗತಿ ಇಲ್ಲದೆ ಅದು ಇರಲಾರದು ಎಂಬುದು. ಎಷ್ಟು ಕಾರುಗಳಲ್ಲಿ ಕಂಡೆ ಎಂಬ ಲೆಕ್ಕ ಅಲ್ಲಿ ಮುಖ್ಯವಲ್ಲ. ಇದಲ್ಲದೆ ಬೇರೆ ಹೇಗೂ ಆಗಲು ಸಾಧ್ಯವಿರಲಿಲ್ಲ ಎಂದು ತೋರಿಸಿದೆಯಾ ಎಂಬುದಷ್ಟೇ ಮುಖ್ಯ. ಉತ್ತಮ ದೋಷನಿರ್ಣಯದ ಇಡೀ ವಿಧಾನ ಈ ಒಂದು ಲಕ್ಷಣದೊಳಗಿದೆ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಇದೇ ಉದಯನ ಇದೇ ಅನುಮಾನವನ್ನು ಹಿಡಿದು ಈಶ್ವರನನ್ನು ಸಾಧಿಸಲು ಹೊರಟ. ಮಡಕೆ ಕಾರ್ಯ, ಅದಕ್ಕೆ ಕರ್ತೃವಿದ್ದಾನೆ. ಭೂಮಿ, ಮೊಳಕೆ ಮೊದಲಾದವೂ ಕಾರ್ಯ, ಅವಕ್ಕೂ ಕರ್ತೃವಿರಬೇಕು. ಎದುರಾಳಿಗಳು ತೋರಿಸಿದ್ದು ಉಪಾಧಿಯನ್ನೇ: ಕರ್ತೃವಿದ್ದಾನೆಂದು ನಾವು ಬಲ್ಲ ಕಾರ್ಯಗಳೆಲ್ಲ ಶರೀರವುಳ್ಳವನಿಂದ ಆದವು, ಮೊಳಕೆ ಹಾಗಲ್ಲ. ಇದರ ಆಕಾರ ‘ಕ್ಲಚ್ಚಿಗಿಂತ ಎಂಜಿನ್ನಿನ ಕಡೆಗೆ’ ಎಂಬ ಉಪಾಧಿಯ ಆಕಾರವೇ. ಶರೀರವೆಂಬ ವಿಶೇಷಣ ಅನವಶ್ಯಕ, ಕರ್ತೃವಿಗೆ ಬೇಕಾದದ್ದು ಜ್ಞಾನ, ಇಚ್ಛೆ, ಪ್ರಯತ್ನ ಮಾತ್ರ ಎಂದು ನೈಯಾಯಿಕರು ಮರುನುಡಿದರು. ಯಾರು ಸರಿ? ಕಾರಿನ ವಿಷಯದಲ್ಲಿ ಇಂಥ ಜಗಳ ಹುಟ್ಟಿದರೆ ಪೆಡಲ್ ಒತ್ತಿ ತೀರಿಸಿಕೊಳ್ಳಬಹುದು. ಜಗತ್ತಿಗೆ ಕ್ಲಚ್ ಇಲ್ಲ. ಕರ್ತೃವಿಲ್ಲದ ಇನ್ನೊಂದು ಜಗತ್ತನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಲಾಗದು. ವ್ಯತಿರೇಕಕ್ಕೆ ಅಲ್ಲಿ ಎಡೆಯಿಲ್ಲ, ಹೀಗಾಗಿ ಎರಡೂ ಪಕ್ಷಗಳು ತಾರ್ಕಿಕವಾಗಿ ಎಷ್ಟೇ ಚುರುಕಾಗಿದ್ದರೂ ಉಪಾಧಿ ಇದೆಯೋ ಇಲ್ಲವೋ ಎಂಬ ಸಂಶಯ ಸಂಶಯವಾಗಿಯೇ ಉಳಿಯುತ್ತದೆ.

ಖಗೋಳದಲ್ಲಿಯೂ ಗ್ರಹಗಳನ್ನು ಬದಲಿಸಿ ನೋಡಲು ಬರುವುದಿಲ್ಲವಲ್ಲ, ಹಾಗಾದರೆ ಗ್ರಹಣದ ಲೆಕ್ಕವೂ ಊಹೆಯೇ ಎಂದು ಕೇಳಬಹುದು. ಅಲ್ಲ. ಅಲ್ಲಿ ನಾವು ಬದಲಿಸದಿದ್ದರೂ ಆಕಾಶವೇ ಬದಲಿಸಿ ತೋರಿಸುತ್ತದೆ. ಒಂದು ಹುಣ್ಣಿಮೆಯಲ್ಲಿ ಗ್ರಹಣ, ಇನ್ನೊಂದರಲ್ಲಿ ಇಲ್ಲ. ಷರತ್ತುಗಳು ತಾವಾಗಿ ಕೂಡಿ ಬಿಡಿಸಿಕೊಳ್ಳುತ್ತವೆ, ಭವಿಷ್ಯವಾಣಿ ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ತುಂಬಿದ ನದಿಯ ಅನುಮಾನಕ್ಕೂ ಇದೇ ಆಸರೆ: ಮಳೆಯಿಂದ ಏರಿದ್ದನ್ನೂ ಕಟ್ಟೆಯಿಂದ ಏರಿದ್ದನ್ನೂ ಬೇರೆ ಬೇರೆಯಾಗಿ ನೋಡಲು ಸಿಗುತ್ತದೆ. ಇಡೀ ಜಗತ್ತು ಮಾತ್ರ ಒಂದೇ ಪ್ರಸಂಗ. ಕುತೂಹಲದ ಸಂಗತಿಯೆಂದರೆ ಈ ಮಿತಿಯನ್ನು ಗಟ್ಟಿಯಾಗಿ ಹೇಳಿದವರು ನಾಸ್ತಿಕರು ಮಾತ್ರವಲ್ಲ. ಚಾರ್ವಾಕ ಪುರಂದರ ಲೋಕವ್ಯವಹಾರದ ಅನುಮಾನವನ್ನು ಒಪ್ಪಿ, ಅದನ್ನು ಲೋಕದಾಚೆಗೆ ಒಯ್ಯುವುದನ್ನಷ್ಟೇ ತಿರಸ್ಕರಿಸಿದನೆಂದು ಬೌದ್ಧ ಪಂಡಿತ ಕಮಲಶೀಲ ದಾಖಲಿಸುತ್ತಾನೆ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಈಶ್ವರನನ್ನು ಅನುಮಾನದಿಂದ ಸಾಧಿಸುವ ಯತ್ನವನ್ನು ಖಂಡಿಸಿ, ಬ್ರಹ್ಮನಿಗೆ ಶಾಸ್ತ್ರವೇ ಪ್ರಮಾಣವೆಂದರು. ಉಡುಪಿಯ ಮಧ್ವರು ನಿರ್ದೋಷವಾದ ಯುಕ್ತಿಯನ್ನು ಪ್ರಮಾಣವೆಂದು ಮನ್ನಿಸಿದರೂ, ಪ್ರತ್ಯಕ್ಷದ ಅಥವಾ ಆಗಮದ ಆಸರೆಯಿಲ್ಲದ ಒಣ ತರ್ಕ ಅತೀಂದ್ರಿಯವನ್ನು ಮುಟ್ಟಲಾರದು ಎಂದರು. ಆಗಮವನ್ನು ಒಪ್ಪದವರೂ ಈ ಮಾತಿನ ಅರ್ಧವನ್ನು ಒಪ್ಪಬಹುದು.

ಆದ್ದರಿಂದ ನನ್ನ ತೀರ್ಮಾನ ಎರಡು ಅಲಗಿನದು. ಕಾಣದ ಕಾರಣವನ್ನು ಅರಿಯಲು ಸಾಧ್ಯ, ಅನುಮಾನ ನಿಜಕ್ಕೂ ಪ್ರಮಾಣ. ಉಕ್ಕಿನ ಕೊಳವೆಯೊಳಗೆ ಅಡಗಿದ ಬೇರಿಂಗನ್ನು ಬಿಚ್ಚದೆಯೇ ದೂಷಿಸುವ ಅಧಿಕಾರ ಅದಕ್ಕಿದೆ. ಆದರೆ ಆ ಅಧಿಕಾರ ಹುಟ್ಟುವುದು ಷರತ್ತುಗಳನ್ನು ಬಿಡಿಸಿ ನೋಡಿದ ಶ್ರಮದಿಂದ, ಅದು ಸಲ್ಲುವುದೂ ಹಾಗೆ ಬಿಡಿಸಲು ಸಾಧ್ಯವಾದಷ್ಟು ದೂರಕ್ಕೆ ಮಾತ್ರ. ಅದರಾಚೆಗೆ ದೇವರಿದ್ದಾನೆ ಎನ್ನುವವರೂ ಇಲ್ಲ ಎನ್ನುವವರೂ ತಮ್ಮ ಶ್ರದ್ಧೆಯನ್ನೋ ನಿರಾಕರಣೆಯನ್ನೋ ಹಾಗೆಂದೇ ಕರೆಯಲಿ, ಸಾಬೀತಾದ ಅನುಮಾನವೆಂದು ಕರೆಯದಿರಲಿ. ಇನ್ನು ಹಳೆಯ ಕಾರು ಇಟ್ಟುಕೊಂಡವರಿಗೆ ಒಂದು ಮಾತು: ಬಿಡಿಭಾಗದ ಪಟ್ಟಿ ಹಿಡಿದು ಬರುವವನನ್ನು, ಯಾವ ಯಾವ ಕಾರಣವನ್ನು ಹೇಗೆ ತಳ್ಳಿಹಾಕಿದಿರಿ ಎಂದು ಮೊದಲು ಕೇಳಿ. ಅದಕ್ಕೆ ಉತ್ತರವಿದ್ದರೆ ಮಾತ್ರ ಹಣ ಕೊಡಿ.